ಮನೆಯಿಂದಲೇ ಮಾನವ ಅಂಗರಚನೆ, ಅಂಗಕ್ರಿಯೆ: ಯಾವ ಆನ್‌ಲೈನ್ ಕೋರ್ಸು ಯಾರಿಗೆ ಹೊಂದುತ್ತದೆ?

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಕೌನ್ಸೆಲಿಂಗ್ ಮುಗಿದು, ಕಾಲೇಜು ಆರಂಭವಾಗುವವರೆಗಿನ ತಿಂಗಳುಗಳಲ್ಲಿ ತುಮಕೂರಿನಲ್ಲಿ ಈ ವಿಷಯವನ್ನು ಪಾಠ ಮಾಡುವ ನನ್ನಂಥವರಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಮಾನವ ಅಂಗರಚನೆ (ಅನಾಟಮಿ) ಮತ್ತು ಅಂಗಕ್ರಿಯೆಯನ್ನು (ಫಿಸಿಯಾಲಜಿ) ಆನ್‌ಲೈನಿನಲ್ಲಿ ಕಲಿಯುವುದಾದರೆ ಯಾವ ಕೋರ್ಸಿಗೆ ಸೇರಬೇಕು? ಪ್ರಶ್ನೆ ಒಂದೇ ಆದರೂ ಕೇಳುವವರ ಅಗತ್ಯಗಳು ಬೇರೆ ಬೇರೆ. ನರ್ಸಿಂಗ್, ಬಿ.ಫಾರ್ಮ ಅಥವಾ ಫಿಸಿಯೋಥೆರಪಿ ಸೀಟು ಖಚಿತವಾಗಿದ್ದು, ಮೊದಲ ವರ್ಷದ ಪಾಠಕ್ಕೆ ಮುಂಚಿತವಾಗಿ ತಯಾರಾಗಬೇಕೆನ್ನುವವರು ಕೆಲವರು. ತಿಪಟೂರಿನಲ್ಲೋ ಶಿರಾದಲ್ಲೋ ಬಿಎಸ್‌ಸಿ ಮುಗಿಸಿ ರೋಗ, ಚಿಕಿತ್ಸೆಗಳ ದಾಖಲೆಗೆ ಸಂಕೇತ ಹಾಕುವ ಬೆಂಗಳೂರಿನ ಮೆಡಿಕಲ್ ಕೋಡಿಂಗ್ ಕಂಪನಿಗಳ ಸಂದರ್ಶನಕ್ಕೆ ಸಿದ್ಧರಾಗುತ್ತಿರುವವರು ಇನ್ನು ಕೆಲವರು. ಯೋಗ ತರಗತಿ ನಡೆಸುವವರು, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವರು, ಮದುವೆಯಾಗಿ ಅಮೆರಿಕಕ್ಕೆ ಹೋಗಲಿದ್ದು ಅಲ್ಲಿ ನರ್ಸಿಂಗ್ ಓದುವ ಆಸೆಯಿರುವ ಹೆಣ್ಣುಮಕ್ಕಳು ಸಹ ಇದನ್ನೇ ಕೇಳುತ್ತಾರೆ. ಇವರೆಲ್ಲರಿಗೂ ಒಂದೇ ಕೋರ್ಸಿನ ಹೆಸರು ಹೇಳಿಬಿಟ್ಟರೆ ಒಬ್ಬರಿಗೆ ಹಣ ದಂಡ, ಇನ್ನೊಬ್ಬರಿಗೆ ಒಂದು ವರ್ಷವೇ ದಂಡ.

ಹೋಲಿಕೆಗೆ ಇಳಿಯುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹೊಸದಾಗಿ ನರ್ಸ್, ಫಾರ್ಮಸಿಸ್ಟ್ ಅಥವಾ ಫಿಸಿಯೋಥೆರಪಿಸ್ಟ್ ಆಗಬೇಕಾದವರು ಮಾನ್ಯತೆ ಪಡೆದ ಕಾಲೇಜಿಗೆ ಹೋಗಿ, ಪ್ರಯೋಗಾಲಯದಲ್ಲಿಯೂ ಆಸ್ಪತ್ರೆಯಲ್ಲಿಯೂ ತರಬೇತಿ ಪಡೆಯಲೇಬೇಕು. ಮನೆಯಲ್ಲಿ ಕುಳಿತು ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಅಥವಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿಕೊಡುತ್ತೇವೆ ಎನ್ನುವ ಏಜೆಂಟರ ಮಾತನ್ನು ನಂಬಬೇಡಿ. ಡಿ.ಫಾರ್ಮ ಎರಡು ವರ್ಷದ ತರಗತಿಗಳ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿಯೂ ಇರುವ ಓದು. ಅಷ್ಟೇ ಅಲ್ಲ, ಆರೋಗ್ಯ ಸಂಬಂಧಿ ವೃತ್ತಿಗಳ 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ಪದವಿಗಳನ್ನೂ, ಮನೋವಿಜ್ಞಾನ, ಸೂಕ್ಷ್ಮಜೀವಶಾಸ್ತ್ರ, ಆಹಾರ ಮತ್ತು ಪೋಷಣಾ ವಿಜ್ಞಾನದಂಥ ಪದವಿಗಳನ್ನೂ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನೀಡಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಜುಲೈ-ಆಗಸ್ಟ್ ಅವಧಿಯಿಂದ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಆದ್ದರಿಂದ ಇಲ್ಲಿ ಹೋಲಿಸುತ್ತಿರುವುದು ಒಂದು ವಿಷಯವನ್ನು ಕಲಿಯುವ ಕೋರ್ಸುಗಳನ್ನೇ ಹೊರತು ವೃತ್ತಿಯ ಪರವಾನಗಿ ಕೊಡಿಸುವ ಕೋರ್ಸುಗಳನ್ನಲ್ಲ.

ಯಾವ ಅಳತೆಗಳಿಂದ ತೂಗಬೇಕು

ಮೊದಲ ಅಳತೆ ಪ್ರಮಾಣಪತ್ರಕ್ಕೆ ಸಂಬಂಧಿಸಿದ್ದು: ಕೋರ್ಸು ಮುಗಿಸಿದ ಕಾಗದವನ್ನು ಯಾರ ಮುಂದಿಡಬೇಕಾಗಿದೆ? ಯಾರ ಮುಂದೆಯೂ ಇಡಬೇಕಾಗಿಲ್ಲವೆಂದಾದರೆ ಹಣ ತೆರಬೇಕಾದ ಕಾರಣಗಳಲ್ಲಿ ಅರ್ಧದಷ್ಟು ಅಲ್ಲಿಯೇ ಇಲ್ಲವಾಗುತ್ತವೆ. ಪದವಿ ಕಾಲೇಜು ಅದನ್ನು ಕ್ರೆಡಿಟ್ಟಾಗಿ, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಓದಾಗಿ, ಒಪ್ಪಬೇಕೆಂದಿದ್ದರೆ ಆಯ್ಕೆ ಒಂದು ಬಗೆ. ಕಂಪನಿಯ ಸಂದರ್ಶಕನಿಗೆ ತೋರಿಸಬೇಕೆಂದಿದ್ದರೆ ಇನ್ನೊಂದು ಬಗೆ. ವಿದೇಶದ ನರ್ಸಿಂಗ್ ಕಾಲೇಜು ಕೇಳುವ ಪೂರ್ವಾರ್ಹತೆಯೆಂದಾದರೆ ಸಂಪೂರ್ಣ ಬೇರೆಯದೇ ಲೆಕ್ಕ.

ಎರಡನೆಯ ಅಳತೆಯನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಈ ವಿಷಯದಲ್ಲಿ ಎರಡು ಬಗೆಯ ಕಲಿಕೆ ಒಟ್ಟಿಗೆ ನಡೆಯಬೇಕು. ಅಂಗರಚನೆ ಬಹುಮಟ್ಟಿಗೆ ಗುರುತಿಸುವಿಕೆ: ವಯಸ್ಕರ ದೇಹದ 206 ಮೂಳೆಗಳು, 12 ಜೊತೆ ಕಪಾಲ ನರಗಳು, ಬೆನ್ನುಮೂಳೆಯಲ್ಲಿ ಕತ್ತಿನ 7, ಎದೆಯ 12, ಸೊಂಟದ 5 ಕಶೇರುಕಗಳು, ಇವು ಹೆಸರು, ಸ್ಥಾನ ಮತ್ತು ಆಕಾರಗಳ ಸಂಗತಿ. ಅಂಗಕ್ರಿಯೆ ಹಾಗಲ್ಲ, ಅದು ಕಾರಣಗಳ ಸರಪಳಿ. ಪಾವಗಡದ ಬಿಸಿಲಿನಲ್ಲಿ ಇಡೀ ದಿನ ಕಡಲೆಕಾಯಿ ಕೀಳುವವರು ಬೆವರಿಗೆ ತಕ್ಕಷ್ಟು ನೀರು ಕುಡಿಯದಿದ್ದರೆ ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುವುದೇಕೆ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಬೆವರಿನಲ್ಲಿ ಲವಣಕ್ಕಿಂತ ನೀರು ಹೆಚ್ಚಾಗಿ ಹೋಗುವುದರಿಂದ ರಕ್ತದ ದ್ರವಭಾಗ ಸಾಂದ್ರವಾಗುತ್ತದೆ. ಮಿದುಳಿನ ಹೈಪೊಥಲಾಮಸ್ ಅದನ್ನು ಗ್ರಹಿಸಿ ಬಾಯಾರಿಕೆಯನ್ನು ಹುಟ್ಟಿಸುವುದರ ಜೊತೆಗೆ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಎಡಿಎಚ್ ಹಾರ್ಮೋನನ್ನು ಬಿಡಿಸುತ್ತದೆ. ಆ ಹಾರ್ಮೋನು ಮೂತ್ರಪಿಂಡದ ಸಂಗ್ರಾಹಕ ನಾಳಗಳ ಗೋಡೆಯಲ್ಲಿ ನೀರು ಹಾಯುವ ದಾರಿಗಳನ್ನು ಹೆಚ್ಚಿಸುತ್ತದೆ. ನೀರು ರಕ್ತಕ್ಕೆ ಮರಳುತ್ತದೆ, ಉಳಿದ ಮೂತ್ರ ಗಾಢವಾಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಟ್ಟರೂ ಹೊರಬರುವ ಮೂತ್ರ ಒಂದೂವರೆ ಲೀಟರಿನಷ್ಟೇ ಎಂಬ ಸಂಗತಿ ಮೂತ್ರಪಿಂಡದ ಒಟ್ಟು ಮರುಹೀರಿಕೆಯ ಪ್ರಮಾಣವನ್ನು ತಿಳಿಸುತ್ತದೆ. ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಪುಸ್ತಕ ನೋಡದೆ ಬರೆಯಬಲ್ಲ ಸ್ಥಿತಿಗೆ ನಿಮ್ಮನ್ನು ತಂದು ನಿಲ್ಲಿಸುವ ಕೋರ್ಸೇ ಒಳ್ಳೆಯ ಕೋರ್ಸು. ಅನೇಕ ಅಗ್ಗದ ಕೋರ್ಸುಗಳೂ, ಕೆಲವು ದುಬಾರಿ ಕೋರ್ಸುಗಳೂ ಎಡಿಎಚ್ ಎಂಬ ಹೆಸರಿಗೆ ಬಹುಆಯ್ಕೆಯ ಪ್ರಶ್ನೆಯೊಂದನ್ನು ಕೇಳಿ ಮುಂದಕ್ಕೆ ಹೋಗಿಬಿಡುತ್ತವೆ.

ಮೂರನೆಯದು ಪ್ರಾಯೋಗಿಕ ಭಾಗ, ನಾಲ್ಕನೆಯದು ಪರೀಕ್ಷೆ ಹಾಗೂ ತಿದ್ದುವಿಕೆ. ಬರೆದ ಉತ್ತರವನ್ನು ಯಾರಾದರೂ ಓದಿ ತಪ್ಪು ತೋರಿಸುತ್ತಾರೆಯೇ, ಇಲ್ಲವೇ ಯಂತ್ರ ಅಂಕ ಕೊಟ್ಟು ಸುಮ್ಮನಾಗುತ್ತದೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸಬೇಕು. ಭಾಷೆ, ನೆಟ್‌ವರ್ಕ್, ವಾರಕ್ಕೆ ಸಿಗುವ ಬಿಡುವು ಇವು ಆಮೇಲಿನವು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ವಿಷಯದ ಗಂಭೀರ ಕೋರ್ಸುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿಯೇ ಇರುವುದು ನಿಜವಾದ ತೊಡಕು. ಆದರೆ ಮುಂದೆ ಪರೀಕ್ಷೆ ಬರೆಯಬೇಕಾದದ್ದೂ ಇಂಗ್ಲಿಷಿನಲ್ಲಿಯೇ ಆದ್ದರಿಂದ, ಕನ್ನಡದಲ್ಲಿ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸವನ್ನು ಮೊದಲ ವಾರದಿಂದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಹಣದ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಈ ವಿಷಯದಲ್ಲಿ ಬೆಲೆಗೂ ಗುಣಮಟ್ಟಕ್ಕೂ ಇರುವ ಸಂಬಂಧ ಬಹಳ ಸಡಿಲವಾದದ್ದು.

ಉಚಿತ ಪುಸ್ತಕ, ಉಚಿತ ವಿಡಿಯೊ

ಖರ್ಚಿಲ್ಲದ ದಾರಿಯೇ ಎಲ್ಲಕ್ಕಿಂತ ದುರ್ಬಲ ದಾರಿ ಎಂದುಕೊಳ್ಳುವುದು ಸರಿಯಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಹೊರತಂದಿರುವ ಅಂಗರಚನೆ ಮತ್ತು ಅಂಗಕ್ರಿಯೆಯ ಪಠ್ಯಪುಸ್ತಕ ಕಾಲೇಜು ಮಟ್ಟದ್ದು. 28 ಅಧ್ಯಾಯಗಳಿದ್ದು, ಸಾವಿರಕ್ಕೂ ಹೆಚ್ಚು ಪುಟಗಳ ಈ ಪುಸ್ತಕವನ್ನು ಯಾರು ಬೇಕಾದರೂ ಹಣ ಕೊಡದೆ ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಪ್ರತಿ ಅಧ್ಯಾಯದ ಕೊನೆಯಲ್ಲಿ ನೆನಪಿನ ಪ್ರಶ್ನೆಗಳ ಜೊತೆಗೆ ಯೋಚಿಸಿ ಬರೆಯಬೇಕಾದ ಪ್ರಶ್ನೆಗಳೂ, ಪುಸ್ತಕದ ಕೊನೆಯಲ್ಲಿ ಉತ್ತರಗಳೂ ಇವೆ. ಇಷ್ಟು ದೊಡ್ಡ ಪುಸ್ತಕಕ್ಕೆ ಮೊದಲೇ ಕೈಹಾಕಲು ಹಿಂಜರಿಯುವವರು ಎನ್‌ಸಿಇಆರ್‌ಟಿಯ ಪ್ರಥಮ ಪಿಯುಸಿ ಜೀವಶಾಸ್ತ್ರದ ಮಾನವ ಅಂಗಕ್ರಿಯೆಯ ಭಾಗದಿಂದ ಆರಂಭಿಸಬಹುದು. ಉಸಿರಾಟ, ರಕ್ತಪರಿಚಲನೆ, ವಿಸರ್ಜನೆ, ಚಲನೆ, ನರ, ಹಾರ್ಮೋನುಗಳ ಪಾಠಗಳು ಅಲ್ಲಿ ಚೊಕ್ಕವಾಗಿವೆ. ಪಠ್ಯಭಾರ ಇಳಿಸಿದಾಗ ಜೀರ್ಣಕ್ರಿಯೆಯ ಅಧ್ಯಾಯವನ್ನು ತೆಗೆದಿರುವುದರಿಂದ ಇತ್ತೀಚೆಗೆ ಪಿಯುಸಿ ಮುಗಿಸಿದವರಿಗೆ ಆ ಭಾಗ ಬಹುಮಟ್ಟಿಗೆ ಹೊಸದಾಗಿರುತ್ತದೆ ಎಂಬುದನ್ನು ಮರೆಯಬಾರದು.

ವಿಡಿಯೊಗಳಲ್ಲಿ ಯೂಟ್ಯೂಬಿನ ಕ್ರ್ಯಾಶ್‌ಕೋರ್ಸ್ ಸರಣಿಯ 47 ಕಂತುಗಳು ಇಡೀ ವಿಷಯವನ್ನು ಒಂದು ಸುತ್ತು ತೋರಿಸುತ್ತವೆ. ಕಂತಿಗೆ ಸುಮಾರು ಹತ್ತು ನಿಮಿಷ. ಆದರೆ ಮಾತಿನ ವೇಗ ಎಷ್ಟಿದೆಯೆಂದರೆ ನಮ್ಮ ಮಕ್ಕಳು ಅಡಿಬರಹ ಹಾಕಿಕೊಂಡು, ವೇಗವನ್ನು ತಗ್ಗಿಸಿ ನೋಡುವುದೇ ಲೇಸು. ಖಾನ್ ಅಕಾಡೆಮಿಯ ಆರೋಗ್ಯ ಮತ್ತು ವೈದ್ಯಕೀಯ ವಿಭಾಗ ನಿಧಾನವಾಗಿ, ಚಿತ್ರ ಬರೆಯುತ್ತ ಹೇಳಿಕೊಡುವುದರಿಂದ ಹೃದಯ ಮತ್ತು ಮೂತ್ರಪಿಂಡದ ಪಾಠಗಳಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಈ ದಾರಿಯ ಕೊರತೆ ಶಿಸ್ತಿನದು. ವಾರಕ್ಕೊಂದು ಅಧ್ಯಾಯ ಓದಿದರೂ ಪುಸ್ತಕ ಮುಗಿಯಲು ಆರು ತಿಂಗಳಿಗೂ ಹೆಚ್ಚು ಬೇಕು. ಯಾರೂ ಕೇಳುವವರಿಲ್ಲದಿದ್ದರೆ ಅಂಗಾಂಶಗಳ ಅಧ್ಯಾಯದಲ್ಲಿಯೇ, ಅಂದರೆ ನಾಲ್ಕನೆಯದರಲ್ಲಿ, ಬಹುತೇಕರು ನಿಂತುಬಿಡುತ್ತಾರೆ. ಕಾಲೇಜು ಆರಂಭಕ್ಕೆ ಮೂರು ತಿಂಗಳಷ್ಟೇ ಇದ್ದರೆ 28ನ್ನೂ ಹಿಡಿಯಬೇಡಿ. ಜೀವಕೋಶ, ಅಂಗಾಂಶ, ಮೂಳೆ, ಸ್ನಾಯು, ನರಕೋಶ, ರಕ್ತ, ಹೃದಯ, ಉಸಿರಾಟ, ಮೂತ್ರಪಿಂಡ, ಹಾರ್ಮೋನು ಇಷ್ಟನ್ನು ಗಟ್ಟಿ ಮಾಡಿಕೊಂಡು ಹೋದವರು ತರಗತಿಯಲ್ಲಿ ಮುಂದಿರುತ್ತಾರೆ. ಈ ಅಧ್ಯಾಯಗಳನ್ನು ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡರೆ ಮೊಬೈಲಿನ ಪುಟ್ಟ ಪರದೆಯಲ್ಲಿ ನರಮಂಡಲದ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ಗೋಳು ತಪ್ಪುತ್ತದೆ.

ಸ್ವಯಂ ಮತ್ತು ಎನ್‌ಪಿಟಿಇಎಲ್

2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಪಾಠ ಕೇಳುವುದಕ್ಕೆ ಹಣವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ನಿಗದಿತ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಭಾಗದಲ್ಲಿ ಈ ಶುಲ್ಕ ಇತ್ತೀಚಿನ ವರ್ಷಗಳಲ್ಲಿ ಕೋರ್ಸಿಗೆ 1000 ರೂಪಾಯಿ. ಅಂಕಗಳಲ್ಲಿ ವಾರವಾರದ ಅಸೈನ್‌ಮೆಂಟಿಗೆ 25 ಭಾಗ, ಪರೀಕ್ಷೆಗೆ 75 ಭಾಗ. ನಾಲ್ಕು, ಎಂಟು ಮತ್ತು ಹನ್ನೆರಡು ವಾರದ ಕೋರ್ಸುಗಳಿದ್ದು, ಹನ್ನೆರಡು ವಾರದ್ದಕ್ಕೆ ಮೂರು ಕ್ರೆಡಿಟ್ ಎಂಬ ಲೆಕ್ಕವಿದೆ. ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಪಡೆದ ಕ್ರೆಡಿಟ್ಟುಗಳನ್ನು ವಿಶ್ವವಿದ್ಯಾಲಯಗಳು ಒಪ್ಪಬಹುದೆಂದು ಯುಜಿಸಿಯ 2021ರ ನಿಯಮ ಹೇಳುತ್ತದೆ. ಒಪ್ಪಬಹುದು ಎಂದರೆ ನಿಮ್ಮ ಕಾಲೇಜು ಒಪ್ಪಿಯೇ ಬಿಡುತ್ತದೆ ಎಂದಲ್ಲ. ತುಮಕೂರು ವಿಶ್ವವಿದ್ಯಾಲಯದ ಅಥವಾ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಬಿಎಸ್‌ಸಿ ಓದುತ್ತಿರುವವರು ನೋಂದಣಿಗೆ ಮೊದಲೇ ವಿಭಾಗದ ಮುಖ್ಯಸ್ಥರಿಂದ ಬರಹದಲ್ಲಿ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ಜಾಣತನ.

ಸ್ವಯಂನ ನಿಜವಾದ ಬಲ ಅದರ ಗಡುವು. ವಾರಕ್ಕೊಮ್ಮೆ ಅಸೈನ್‌ಮೆಂಟ್ ಸಲ್ಲಿಸಲೇಬೇಕಾದ ಒತ್ತಾಯ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ, ಇವೆರಡೂ ಸೇರಿದರೆ ಮನೆಯಲ್ಲಿ ಓದುವವರಿಗೂ ತರಗತಿಯ ಬಿಗಿ ಬರುತ್ತದೆ. ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲೇ ಸಿಕ್ಕಿದರೂ ತುಮಕೂರು ಮತ್ತು ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಹೋಗಿ ಸಂಜೆಗೆ ಮರಳುವುದು ಕಷ್ಟವಲ್ಲ; ಬಾಗೇಪಲ್ಲಿ, ಪಾವಗಡದವರು ಹಿಂದಿನ ರಾತ್ರಿಯೇ ಹೊರಡಬೇಕಾಗಬಹುದು, ಆ ಖರ್ಚನ್ನೂ ಸೇರಿಸಿಕೊಳ್ಳಿ. ಕೊರತೆಯೆಂದರೆ ಆಯ್ಕೆಯ ಅನಿಶ್ಚಿತತೆ: ಜನವರಿ ಮತ್ತು ಜುಲೈ ಅವಧಿಗಳಲ್ಲಿ ಯಾವ ಕೋರ್ಸುಗಳು ತೆರೆಯುತ್ತವೆಯೋ ಅವೇ ಗತಿ. ಅವುಗಳಲ್ಲಿ ಕೆಲವು ಜೈವಿಕ ಎಂಜಿನಿಯರಿಂಗ್ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ನರಕೋಶದ ಒಳಹೊರಗಿನ ವಿದ್ಯುತ್ ಅಂತರ ಮೈನಸ್ 70 ಮಿಲಿವೋಲ್ಟ್ ಹೇಗಾಗುತ್ತದೆಂಬುದನ್ನು ಸಮೀಕರಣ ಸಹಿತ ಹೇಳಿ, ಭುಜದ ಕೀಲಿನ ಸ್ನಾಯುಗಳನ್ನು ಮುಟ್ಟದೇ ಹೋಗಬಹುದು. ವಾರವಾರದ ಪಾಠಪಟ್ಟಿಯನ್ನು ಓದಿದ ಮೇಲೆಯೇ ಸೇರಿ.

ಹೊರದೇಶದ ವಿಶ್ವವಿದ್ಯಾಲಯಗಳ ಬಿಡಿ ಕೋರ್ಸುಗಳು

ಕೋರ್ಸೆರಾದಂಥ ವೇದಿಕೆಗಳಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಪರಿಚಯಾತ್ಮಕ ಮಾನವ ಅಂಗಕ್ರಿಯೆಯ ಕೋರ್ಸೂ, ಮಿಷಿಗನ್ ವಿಶ್ವವಿದ್ಯಾಲಯದ ಅಂಗರಚನೆಯ ಕೋರ್ಸುಗಳೂ ಇವೆ. ಎರಡೂ ಗುಣಮಟ್ಟದಲ್ಲಿ ಮೇಲು. ಮೊದಲನೆಯದು ಅಂಗಕ್ರಿಯೆಯದು, ಎರಡನೆಯದು ಅಂಗರಚನೆಯದು. ಎರಡನ್ನೂ ಒಂದು ನೂಲಿನಲ್ಲಿ ಪೋಣಿಸುವ ಹೊಣೆ ಕಲಿಯುವವರದೇ. ಬಿ.ಫಾರ್ಮದ ಮೊದಲ ಎರಡು ಸೆಮಿಸ್ಟರುಗಳಲ್ಲಿ ಎರಡೂ ಒಂದೇ ಪತ್ರಿಕೆಯಾಗಿ ಬರುವುದರಿಂದ, ಹೃದಯದ ಕೋಣೆಗಳನ್ನು ಒಂದು ಕಡೆ, ಹೃದಯದ ಬಡಿತವನ್ನು ಇನ್ನೊಂದು ಕಡೆ ಓದಿದವರಿಗೆ ಜೋಡಣೆಯ ಕೆಲಸ ಹೆಚ್ಚು. ಶುಲ್ಕ ಕಾಲಕಾಲಕ್ಕೆ ಬದಲಾಗುತ್ತದೆ. ಹಣಕಾಸಿನ ನೆರವಿಗೆ ಅರ್ಜಿ ಹಾಕುವ ಅವಕಾಶ ಕೋರ್ಸೆರಾದಲ್ಲಿ ಇರುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಗಮನಿಸುವುದೇ ಇಲ್ಲ. ಕನ್ನಡ ಮಾಧ್ಯಮದಿಂದ ಈಗಷ್ಟೇ ಬಂದವರಿಗೆ ಇದು ಮೊದಲ ಆಯ್ಕೆಯಾಗಬಾರದು. ಬಿಎಸ್‌ಸಿ ಮುಗಿಸಿ ಇಂಗ್ಲಿಷ್ ಪಠ್ಯಕ್ಕೆ ಒಗ್ಗಿದವರಿಗೆ ಆಗಬಹುದು.

ಕೋಚಿಂಗ್ ಆ್ಯಪ್‌ಗಳ ಧ್ವನಿಮುದ್ರಿತ ತರಗತಿಗಳು

ಸಾವಿರಾರು ರೂಪಾಯಿ ಶುಲ್ಕದ, ನರ್ಸಿಂಗ್ ಮತ್ತು ಫಾರ್ಮಸಿ ಪಠ್ಯಕ್ರಮವನ್ನೇ ಹಿಡಿದು ಹೇಳಿಕೊಡುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳನ್ನೇ ಗುರಿಯಿಟ್ಟು ಕಲಿಸುವುದು ಇವುಗಳ ಲಾಭ. ಫೇಲಾದ ಪತ್ರಿಕೆಯನ್ನು ಮತ್ತೆ ಬರೆಯಬೇಕಾದವರಿಗೆ, ತರಗತಿ ತಪ್ಪಿಸಿಕೊಂಡವರಿಗೆ ಇವು ಉಪಯುಕ್ತವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಹಣ ಕಟ್ಟುವ ಮೊದಲು ಮೂರು ಸಂಗತಿ ಕೇಳಿ: ಎಲ್ಲ ಅಧ್ಯಾಯಗಳೂ ಈಗಾಗಲೇ ಧ್ವನಿಮುದ್ರಣವಾಗಿವೆಯೇ, ವಿಡಿಯೊಗಳನ್ನು ಇಳಿಸಿಕೊಂಡು ನೆಟ್ ಇಲ್ಲದಾಗಲೂ ನೋಡಬಹುದೇ, ಅರ್ಧಕ್ಕೆ ಬಿಟ್ಟರೆ ಹಣ ಮರಳುತ್ತದೆಯೇ. ಒಂದು ಗಂಟೆಯ ಸಾಧಾರಣ ಸ್ಪಷ್ಟತೆಯ ವಿಡಿಯೊ ಸುಮಾರು ಅರ್ಧ ಜಿಬಿ ನುಂಗುತ್ತದೆ; ಮನೆಯ ಒಂದೇ ಮೊಬೈಲಿನಲ್ಲಿ ತಮ್ಮನೂ ಓದಬೇಕಾದಾಗ ಇಳಿಸಿಕೊಳ್ಳುವ ಸೌಲಭ್ಯ ಸಣ್ಣ ವಿಷಯವಲ್ಲ. ಹಿಂದಿಯಲ್ಲಿ ಹೇಳಿಕೊಡುವ ತರಗತಿಯನ್ನು ಅಗ್ಗವೆಂದು ಕೊಂಡು, ಅರ್ಧ ಅರ್ಥವಾಗಿ ಅರ್ಧ ಬಿಟ್ಟವರನ್ನು ನಾನು ಕಂಡಿದ್ದೇನೆ. ಮಾದರಿ ಪಾಠವೊಂದನ್ನು ಕೊನೆಯವರೆಗೆ ನೋಡದೆ ಯಾವ ಆ್ಯಪಿಗೂ ಹಣ ಕಟ್ಟಬಾರದು.

ಇವುಗಳನ್ನು ಪರೀಕ್ಷಿಸಲು ನಮ್ಮ ಜಿಲ್ಲೆಗಳಿಗೇ ಸೇರಿದ ಒಂದು ಪ್ರಶ್ನೆಯಿದೆ. ಪಾವಗಡ, ಮುಳಬಾಗಿಲು, ಬಾಗೇಪಲ್ಲಿ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು, ಹಲ್ಲಿನ ಕಲೆಗಳಿಂದ ಹಿಡಿದು ಬೆನ್ನು, ಮಂಡಿ ಬಿಗಿದುಕೊಳ್ಳುವವರೆಗೆ ಜನ ಅದರ ಫಲ ಅನುಭವಿಸುತ್ತಿರುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸೈರಿಸಬಹುದು ಎಂಬುದು ಭಾರತೀಯ ಮಾನಕ. ಬೆಳವಣಿಗೆ ಎಂದೋ ನಿಂತ ನಡುವಯಸ್ಕರ ಮೂಳೆಯೊಳಗೂ ಆ ಫ್ಲೋರೈಡ್ ಹೇಗೆ ಸೇರುತ್ತದೆ ಎಂದು ಕೋರ್ಸಿನ ಮೂಳೆಯ ಪಾಠ ಮುಗಿಸಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ. ಮೂಳೆ ಜೀವಂತ ಅಂಗಾಂಶವೆಂದೂ, ಆಸ್ಟಿಯೋಕ್ಲಾಸ್ಟ್ ಕೋಶಗಳು ಅದನ್ನು ಕರಗಿಸುತ್ತ, ಆಸ್ಟಿಯೋಬ್ಲಾಸ್ಟ್ ಕೋಶಗಳು ಹೊಸದಾಗಿ ಕಟ್ಟುತ್ತ ಜೀವಮಾನವಿಡೀ ಕೆಲಸ ನಡೆದಿರುತ್ತದೆಂದೂ, ಆ ಕಟ್ಟುವಿಕೆಯಲ್ಲಿ ಖನಿಜದ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಬಂದು ಕೂರುತ್ತದೆಂದೂ ನೀವೇ ಊಹಿಸಿ ಹೇಳಬಲ್ಲಿರಾದರೆ ಕೋರ್ಸು ತನ್ನ ಕೆಲಸ ಮಾಡಿದೆ. ಮೂಳೆಗಳ ಪಟ್ಟಿ ಮಾತ್ರ ತಲೆಯಲ್ಲಿ ಉಳಿದಿದ್ದರೆ ಬೇರೆ ಕೋರ್ಸು ನೋಡಿ.

ಅಮೆರಿಕದ ಕಾಲೇಜಿನ ಕ್ರೆಡಿಟ್ ಕೋರ್ಸು

ಅಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಈ ವಿಷಯ ಸಾಮಾನ್ಯವಾಗಿ ಎರಡು ಅವಧಿಗಳಲ್ಲಿ, ಪ್ರಯೋಗಾಲಯ ಸೇರಿ ತಲಾ ನಾಲ್ಕು ಕ್ರೆಡಿಟ್ಟುಗಳಾಗಿ ನಡೆಯುತ್ತದೆ: ಮೊದಲನೆಯದರಲ್ಲಿ ಜೀವಕೋಶದಿಂದ ಹಿಡಿದು ಚರ್ಮ, ಮೂಳೆ, ಸ್ನಾಯು, ನರಮಂಡಲದವರೆಗೆ, ಎರಡನೆಯದರಲ್ಲಿ ಹಾರ್ಮೋನು, ರಕ್ತ, ಹೃದಯ, ಉಸಿರಾಟ, ಜೀರ್ಣಕ್ರಿಯೆ, ಮೂತ್ರಪಿಂಡ, ಸಂತಾನೋತ್ಪತ್ತಿ. ನರ್ಸಿಂಗ್ ಪ್ರವೇಶಕ್ಕೆ ಇದು ಪೂರ್ವಾರ್ಹತೆಯಾದ್ದರಿಂದ ವೀಸಾ ಬರುವ ಮೊದಲೇ ಇಲ್ಲಿಂದಲೇ ಮುಗಿಸಿಬಿಡೋಣ ಎಂಬ ಯೋಚನೆ ಸಹಜ. ಆತುರ ಬೇಡವೆನ್ನುವುದು ನನ್ನ ಸಲಹೆ. ಕೆಲವು ನರ್ಸಿಂಗ್ ಕಾಲೇಜುಗಳು ಆನ್‌ಲೈನ್ ಪ್ರಯೋಗಾಲಯವನ್ನು ಒಪ್ಪುವುದಿಲ್ಲ. ಕೆಲವು ಐದು ಅಥವಾ ಏಳು ವರ್ಷಕ್ಕಿಂತ ಹಳೆಯ ಅಂಕಗಳನ್ನು ಪರಿಗಣಿಸುವುದಿಲ್ಲ. ಹೊರಗಿನವರಿಗೆ ಶುಲ್ಕವೂ ಸ್ಥಳೀಯರಿಗಿಂತ ಹೆಚ್ಚು. ನ್ಯೂಯಾರ್ಕಿನ ಬೇಸಿಗೆಯ ಸಂಜೆ ಏಳರ ನೇರ ತರಗತಿಗೆ ಇಲ್ಲಿ ನಸುಕಿನ ನಾಲ್ಕೂವರೆಗೆ ಎದ್ದು ಕೂರಬೇಕು. ಸೇರಬೇಕೆಂದಿರುವ ನರ್ಸಿಂಗ್ ಕಾಲೇಜು ಯಾವುದೆಂದು ಗೊತ್ತಾಗಿ, ಇಂಥ ಕೋರ್ಸನ್ನು ಒಪ್ಪುತ್ತೇವೆಂದು ಅದು ಇಮೇಲಿನಲ್ಲಿ ತಿಳಿಸಿದ ಮೇಲೆ ಮಾತ್ರ ಈ ಖರ್ಚಿಗೆ ಅರ್ಥವಿದೆ. ಅಲ್ಲಿಯವರೆಗೆ ಉಚಿತ ಪುಸ್ತಕವನ್ನು ಓದಿಟ್ಟುಕೊಂಡರೆ ಸಾಕು.

ಪ್ರಾಯೋಗಿಕ ಭಾಗವನ್ನು ಏನು ಮಾಡುವುದು

ಎಲ್ಲ ಆನ್‌ಲೈನ್ ದಾರಿಗಳೂ ಸೋಲುವುದು ಇಲ್ಲಿ. ಮೂರು ಆಯಾಮದ ಆ್ಯಪ್‌ಗಳು ಸ್ನಾಯುಗಳನ್ನು ಪದರ ಪದರವಾಗಿ ಬಿಡಿಸಿ ತೋರಿಸುತ್ತವೆ, ಕೀಲು ತಿರುಗುವ ಬಗೆಯನ್ನು ಕಾಣಿಸುತ್ತವೆ. ಪುಸ್ತಕದ ಚಪ್ಪಟೆ ಚಿತ್ರಕ್ಕಿಂತ ಎಷ್ಟೋ ಮೇಲು. ಆದರೂ ಗಡಸು, ಮೃದು, ದಪ್ಪ, ತೆಳುವು ಎಂಬ ವ್ಯತ್ಯಾಸಗಳು ಗಾಜಿನ ಪರದೆಯಲ್ಲಿ ಬೆರಳಿಗೆ ಸಿಗುವುದಿಲ್ಲ.

ಮಾಂಸಾಹಾರದ ಮನೆಯವರಿಗೆ ಇದಕ್ಕೆ ಅಗ್ಗದ ಪರಿಹಾರವಿದೆ. ಭಾನುವಾರ ಮಟನ್ ಅಂಗಡಿಯಲ್ಲಿ ಮೇಕೆಯ ಗುಂಡಿಗೆಯನ್ನು ಕೊಯ್ಯದೆ ಇಡಿಯಾಗಿ ಕೊಡಲು ಹೇಳಿ, ಮೇಲಿನ ನಾಳಗಳನ್ನು ತೀರ ಗಿಡ್ಡವಾಗಿ ಕತ್ತರಿಸದಂತೆ ಕೇಳಿಕೊಳ್ಳಿ. ತಂದು ಹೆಪ್ಪುಗಟ್ಟಿದ ರಕ್ತವನ್ನು ತೊಳೆದು, ಎರಡು ಬದಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ: ಒಂದು ಬದಿ ಗಟ್ಟಿ, ಇನ್ನೊಂದು ಬದಿ ಮೆತ್ತಗೆ. ಗಟ್ಟಿಯಾದದ್ದು ಇಡೀ ದೇಹಕ್ಕೆ ರಕ್ತವನ್ನು ದೂಡುವ ಎಡ ಹೃತ್ಕುಕ್ಷಿ. ಮೆತ್ತಗಿನದು ಪಕ್ಕದ ಶ್ವಾಸಕೋಶಕ್ಕಷ್ಟೇ ಕಳುಹಿಸುವ ಬಲ ಹೃತ್ಕುಕ್ಷಿ. ಕತ್ತರಿಸಿದ ಮೇಲೂ ಬಾಯಿ ಮುಚ್ಚಿಕೊಳ್ಳದೆ ದುಂಡಗೆ ನಿಂತಿರುವ ದಪ್ಪ ನಾಳವೇ ಮಹಾಪಧಮನಿ. ಅದರೊಳಗೆ ನಿಧಾನವಾಗಿ ನೀರು ಸುರಿದರೆ ಕೆಳಗಿನ ಮೂರು ಬಟ್ಟಲಿನಾಕಾರದ ಕವಾಟಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡು ನೀರನ್ನು ತಡೆಹಿಡಿಯುತ್ತವೆ. ಅವುಗಳ ಮೇಲಂಚಿನ ಹತ್ತಿರವೇ ಹೃದಯಕ್ಕೇ ರಕ್ತ ಪೂರೈಸುವ ನಾಳಗಳ ಸಣ್ಣ ಬಾಯಿಗಳು ಕಾಣುತ್ತವೆ. ಆಮೇಲೆ ಎಡಗೋಡೆಯನ್ನು ಉದ್ದಕ್ಕೆ ಸೀಳಿದರೆ ಕವಾಟದ ಹಾಳೆಗಳನ್ನು ಗೋಡೆಯ ಸ್ನಾಯುಗಳಿಗೆ ಕಟ್ಟಿದ ಬಿಳಿಯ ದಾರಗಳು ಕೈಗೆ ಸಿಗುತ್ತವೆ. ಎಳೆದು ನೋಡಿ, ಸುಲಭಕ್ಕೆ ಹರಿಯುವುದಿಲ್ಲ. ಮನುಷ್ಯನ ಹೃದಯದ ವಿನ್ಯಾಸವೂ ಬಹುಪಾಲು ಹೀಗೆಯೇ. ಮೂತ್ರಪಿಂಡದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಉದ್ದಕ್ಕೆ ಸೀಳಿದ ಮೇಕೆಯ ಮೂತ್ರಪಿಂಡದ ಒಳಭಾಗ ಒಂದೇ ಏಣಿನಂತೆ ಕಂಡರೆ, ಮನುಷ್ಯನದರಲ್ಲಿ ಹಲವು ಪಿರಮಿಡ್ಡುಗಳು ಬೇರೆ ಬೇರೆಯಾಗಿರುತ್ತವೆ. ಪಕ್ಕೆಲುಬುಗಳೂ ಅಷ್ಟೇ, ಮೇಕೆಗೆ 13 ಜೊತೆ, ನಮಗೆ 12.

ಮಾಂಸ ಹೊಸ್ತಿಲು ದಾಟದ ಮನೆಗಳೂ ನಮ್ಮಲ್ಲಿ ಬಹಳ. ಅಂಥವರು ತಮ್ಮ ದೇಹವನ್ನೇ ಪ್ರಯೋಗಾಲಯ ಮಾಡಿಕೊಳ್ಳಬಹುದು: ಕುಳಿತಾಗ ಮತ್ತು ಮೆಟ್ಟಿಲು ಹತ್ತಿದ ಮೇಲೆ ನಾಡಿ ಎಣಿಸಿ ಬರೆದಿಡುವುದು, ಡಿಜಿಟಲ್ ಯಂತ್ರದಲ್ಲಿ ಮಲಗಿದಾಗ ಮತ್ತು ಎದ್ದು ನಿಂತಾಗ ಬಿಪಿ ನೋಡುವುದು, ಕನ್ನಡಿಯ ಮುಂದೆ ಕತ್ತಿನ ಸ್ನಾಯುಗಳನ್ನು ಗುರುತಿಸುವುದು. ಬಿ.ಫಾರ್ಮದ ಪ್ರಯೋಗಗಳಲ್ಲಿಯೂ ನಾಡಿ ಮತ್ತು ರಕ್ತದೊತ್ತಡದ ಅಳತೆಗಳಿವೆ. ತುಮಕೂರಿನ ಅಗಳಕೋಟೆ, ಕೋಲಾರದ ಟಮಕಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ; ಅಂಗರಚನಾ ವಿಭಾಗದ ಸಂಗ್ರಹಾಲಯವನ್ನು ನೋಡಲು ಅನುಮತಿ ಸಿಗುತ್ತದೆಯೇ ಎಂದು ನಿಮ್ಮ ಕಾಲೇಜಿನ ಪ್ರಾಂಶುಪಾಲರ ಪತ್ರದ ಮೂಲಕ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಯಾರಿಗೆ ಯಾವುದು

ಸೀಟು ಸಿಕ್ಕಿ ಕಾಯುತ್ತಿರುವ ಪಿಯುಸಿ ವಿದ್ಯಾರ್ಥಿಗಳು ಹಣ ಖರ್ಚು ಮಾಡಬೇಕಾದ ಅಗತ್ಯವೇ ಇಲ್ಲ. ಉಚಿತ ಪುಸ್ತಕದ ಆಯ್ದ ಅಧ್ಯಾಯಗಳು, ವಿಡಿಯೊಗಳು, ಜೊತೆಗೆ ವಾರಕ್ಕೊಮ್ಮೆ ಉತ್ತರ ಓದಿ ತಿದ್ದುವ ಒಬ್ಬ ಸೀನಿಯರ್ ಅಥವಾ ಪರಿಚಯದ ನರ್ಸ್ ಅಕ್ಕ ಇದ್ದರೆ ಸಾಕು. ಈ ತಿದ್ದುವವರಿಗೆ ಗೌರವಧನವಾಗಿ ಕೊಡುವ ಹಣ ಯಾವ ಆ್ಯಪಿಗೆ ಕಟ್ಟುವ ಹಣಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ.

ಮೆಡಿಕಲ್ ಕೋಡಿಂಗಿಗೆ ಹೋಗುವವರ ಅಗತ್ಯ ಅಂಗರಚನೆಯ ಕಡೆಗೆ ವಾಲುತ್ತದೆ. ರೋಗಗಳಿಗೆ ಐಸಿಡಿ-10-ಸಿಎಂ, ಚಿಕಿತ್ಸಾ ಕ್ರಮಗಳಿಗೆ ಸಿಪಿಟಿ ಸಂಕೇತಗಳನ್ನು ಹಾಕುವಾಗ ಯಾವ ಮೂಳೆ, ಅದರ ಯಾವ ತುದಿ, ಎಡವೋ ಬಲವೋ ಎಂಬುದು ತಪ್ಪಬಾರದು. ಮುಂಗೈಯ ರೇಡಿಯಸ್ ಮೂಳೆಯ ಕೆಳತುದಿಯ ಮುರಿತಕ್ಕೆ ಎಸ್52.5 ಎಂದು ಆರಂಭವಾಗುವ ಸಂಕೇತ ಎಂದರೆ, ಕೆಳತುದಿ ಮಣಿಕಟ್ಟಿನ ಕಡೆಯದು ಎಂಬುದು ಯೋಚಿಸದೆ ಹೊಳೆಯಬೇಕು. ಕೋಡಿಂಗ್ ಮಾಡುವವರು ಪಡೆಯುವ ಸಿಪಿಸಿ ಪ್ರಮಾಣಪತ್ರದ ಪರೀಕ್ಷೆಯಲ್ಲಿ ನಾಲ್ಕು ಗಂಟೆಗೆ 100 ಪ್ರಶ್ನೆಗಳು, ಅಂಗರಚನೆಯ ಪ್ರಶ್ನೆಗಳೂ ಅವುಗಳಲ್ಲಿ ಸೇರಿವೆ. ಇವರಿಗೆ ಮಿಷಿಗನ್ ಕೋರ್ಸುಗಳು ಅಥವಾ ಉಚಿತ ಪುಸ್ತಕದ ಜೊತೆಗೊಂದು ಮೂರು ಆಯಾಮದ ಆ್ಯಪ್ ಸೂಕ್ತ. ಕೋಡಿಂಗ್ ತರಬೇತಿ ಸಂಸ್ಥೆಗಳು ಹೇಳುವ ಪ್ರತ್ಯೇಕ ಅನಾಟಮಿ ಪ್ಯಾಕೇಜಿಗೆ ಹೆಚ್ಚುವರಿ ಹಣ ಕೊಡಬೇಕಾಗಿಲ್ಲ. ಯೋಗ ಕಲಿಸುವವರು ಬೆನ್ನುಮೂಳೆ, ಕೀಲುಗಳು, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮತ್ತು ಉಸಿರಾಟ, ಸ್ವಾಯತ್ತ ನರಮಂಡಲ ಇಷ್ಟನ್ನು ಆಳವಾಗಿ ಓದಿದರೆ ಸಾಕು. ಪದವಿಯಲ್ಲಿ ಕ್ರೆಡಿಟ್ ಬೇಕಾದವರಿಗೆ ಸ್ವಯಂ ಬಿಟ್ಟು ಬೇರೆ ಯೋಚನೆ ಅನಗತ್ಯ.

ಎರಡು ಕೋರ್ಸುಗಳ ನಡುವೆ ಇನ್ನೂ ತೂಗಾಡುತ್ತಿದ್ದರೆ ಎರಡರಲ್ಲಿಯೂ ಮೂತ್ರಪಿಂಡದ ಪಾಠವನ್ನು ಮಾತ್ರ ತೆಗೆದುಕೊಳ್ಳಿ. ಮಾದರಿ ಪಾಠವಾಗಿ ಅದು ಸಿಗದಿದ್ದರೆ ಕೇಳಿ ಪಡೆಯಿರಿ. ಒಂದೊಂದು ಕೋರ್ಸಿಗೆ ಒಂದು ವಾರ ಕೊಟ್ಟು, ವಾರದ ಕೊನೆಗೆ ಪುಸ್ತಕ ಮುಚ್ಚಿ, ರಕ್ತ ಮೂತ್ರಪಿಂಡವನ್ನು ಹೊಕ್ಕಲ್ಲಿಂದ ಮೂತ್ರ ಹೊರಡುವವರೆಗಿನ ದಾರಿಯನ್ನು ಒಂದು ಪುಟದಲ್ಲಿ ಚಿತ್ರ ಸಹಿತ ಬರೆಯಿರಿ. ಎರಡು ಪುಟಗಳನ್ನೂ ವಿಷಯ ಬಲ್ಲ ಒಬ್ಬರಿಗೆ, ಯಾವುದು ಯಾವ ಕೋರ್ಸಿನದೆಂದು ಹೇಳದೆ ತೋರಿಸಿ, ಕಡಿಮೆ ತಪ್ಪಿರುವ ಪುಟ ಯಾವ ಕೋರ್ಸಿನಿಂದ ಬಂದಿತೋ ಆ ಕೋರ್ಸಿಗೆ ಸೇರಿ.